ಹೋಗಿ ಬರ್ತೀನಿ ಅಂದದ್ದಕ್ಕೆ

ಇಲ್ಲಿಗೆ ಬಂದ ಮೊದಲ ಭಾನುವಾರ ಕೋಡುಬಳೆ ಡಬ್ಬಿ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದೆ. ಬಾಗಿಲು ತೆರೆದ ಮುದುಕರು ನನ್ನ ಮುಖ ನೋಡಲಿಲ್ಲ, ನನ್ನ ಹಿಂದೆ ಹೊಗೆ ಏನಾದರೂ ಕಾಣುತ್ತದೆಯೇ ಎಂದು ನೋಡಿದರು. "ಬೆಂಕಿ ಬಿತ್ತೇ?" ಎಂದರು. ಮುಂಚೆ ಹೇಳದೆ ಇಲ್ಲಿ ಯಾರೂ ಯಾರ ಬಾಗಿಲನ್ನೂ ತಟ್ಟುವುದಿಲ್ಲವಂತೆ. ಮಾರನೇ ದಿನ ಡಬ್ಬಿ ತೊಳೆದು ನನ್ನ ಮೆಟ್ಟಿಲ ಮೇಲಿಟ್ಟಿದ್ದರು, ಖಾಲಿ. ನಮ್ಮ ಗೋಣಿಬೀಡಿನಲ್ಲಿ ಖಾಲಿ ಡಬ್ಬಿ ವಾಪಸ್ ಕೊಡುವವರನ್ನು ಏನನ್ನುತ್ತಾರೆಂದು ನಿಮಗೇ ಗೊತ್ತು.

ಫಿನ್ಲೆಂಡಿನ ಈ ಹಳ್ಳಿಯ ವೃದ್ಧಾಶ್ರಮದಲ್ಲಿ ನಾನು ನರ್ಸ್. ನಮ್ಮ ಪಂಚಾಯಿತಿಯಂಥದ್ದಕ್ಕೆ ಇವರು 'ಕುಂತ' ಎನ್ನುತ್ತಾರೆ. ಹೆಸರಿಗೆ ತಕ್ಕಂತೆ ಊರು ಕುಂತೇ ಇದೆ, ಎದ್ದದ್ದನ್ನು ನಾನು ಕಂಡಿಲ್ಲ. ಒಂದು ಅಂಗಡಿ, ಒಂದು ಚರ್ಚು, ಹೆಪ್ಪುಗಟ್ಟಿದ ಕೆರೆ, ಮಿಕ್ಕಿದ್ದೆಲ್ಲ ಕಾಡು. ಫಿನ್ನಿಶ್ ಬಿಟ್ಟು ಬೇರೆ ಮಾತು ನಡೆಯುವುದಿಲ್ಲ. ಕಾಫಿ ಕುಡಿಯುವುದರಲ್ಲಿ ಮಾತ್ರ ನಮ್ಮನ್ನೂ ಮೀರಿಸುತ್ತಾರೆ, ಆದರೆ ಚಿಕೋರಿ ಕಾಣದ ತಿಳಿನೀರು. ಕಾಫಿ ಗಿಡ ಮಲ್ಲಿಗೆಯ ಹಾಗೆ ಬಿಳಿ ಹೂ ಬಿಡುತ್ತದೆ ಎಂದರೆ ಒಬ್ಬರೂ ನಂಬಲಿಲ್ಲ.

ಮೊದಲ ಆರು ತಿಂಗಳು ಪ್ರೊಬೇಷನ್. ಕೆಲಸ ಕಾಯಂ ಆದರೆ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಗಂಡನನ್ನೂ ಮೂರನೇ ಕ್ಲಾಸಿನ ಮಗಳು ನಿಧಿಯನ್ನೂ ಕರೆಸಿಕೊಳ್ಳಬಹುದು. ಅದೊಂದಕ್ಕೇ ನಾನು ಇಲ್ಲಿರುವುದು.

ಐಲಾ ಎಂಬ ಅಜ್ಜಿ ನನ್ನ ಪಾಲಿಗೆ ಬಿದ್ದಿದ್ದರು. ಡ್ಯೂಟಿ ಮುಗಿಸಿ ಹೊರಡುವಾಗ ಅವರ ಕೈ ಹಿಡಿದು "ಮೆನೆನ್ ಯಾ ಟುಲೆನ್" ಎನ್ನುತ್ತಿದ್ದೆ. ನಮ್ಮ 'ಹೋಗಿ ಬರ್ತೀನಿ'ಯನ್ನು ನಾನೇ ಫಿನ್ನಿಶ್ ಮಾಡಿಕೊಂಡಿದ್ದೆ. ಬರೀ 'ಹೋಗ್ತೀನಿ' ಎಂದು ಹೊಸ್ತಿಲು ದಾಟುವವರು ನಮ್ಮಲ್ಲಿ ಉಂಟೆ? 'ಹೋದರು' ಎಂದರೆ ನಮಗೆ ಒಂದೇ ಅರ್ಥ.

ಒಂದು ದಿನ ಮೇಲ್ವಿಚಾರಕಿ ಕೋಣೆಗೆ ಕರೆದರು. ನಾನು ಹೋದ ಮೇಲೆ ಐಲಾ ದಿನಾ ಕೋಟು ತೊಟ್ಟು ಬಾಗಿಲ ಬಳಿ ಕೂರುತ್ತಿದ್ದರಂತೆ. ಊಟಕ್ಕೆ ಕರೆದರೆ ಏಳುತ್ತಿರಲಿಲ್ಲವಂತೆ. ಹಿಂದಿನ ಸಂಜೆ ಹಿಮದಲ್ಲಿ ನನ್ನನ್ನು ಹುಡುಕಿಕೊಂಡು ಹೋಗಿ ಮೆಟ್ಟಿಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು.

"ಬರುತ್ತೇನೆ ಎಂದು ನೀನು ಹೇಳಿದೆಯಂತೆ. ಬಂದೆಯಾ?"

"ಇಲ್ಲ. ಮಾರನೇ ಬೆಳಿಗ್ಗೆ ಬಂದೆ."

"ಮತ್ತೆ ಯಾಕೆ ಹೇಳಿದೆ?"

ನನಗೆ ಗೊತ್ತಿದ್ದ ಫಿನ್ನಿಶ್‌ನಲ್ಲಿ ಅದನ್ನು ವಿವರಿಸಲಾಗಲಿಲ್ಲ. ಕೆಲಸ ಹೋಯಿತು, ನಿಧಿ ಬರುವುದಿಲ್ಲ ಎಂದುಕೊಂಡೆ. ಅಳು ಬರುತ್ತದೆಂದು ಕಾದೆ, ಅದೂ ಬರಲಿಲ್ಲ. ಅವರು ಬೈಯಲಿಲ್ಲ. "ಏನು ಮಾಡುತ್ತೀಯೋ ಅದನ್ನಷ್ಟೇ ಹೇಳು" ಎಂದು ಕಳಿಸಿದರು.

ಅಂದಿನಿಂದ ಐಲಾಗೆ "ಮೆನೆನ್" ಎಂದಷ್ಟೇ ಹೇಳಿದೆ. ಹೋಗ್ತೀನಿ. ಮೊದಲ ದಿನ ಹೇಗೋ ಬಾಯಿಬಿಟ್ಟು ಹೇಳಿದೆ. ಅವರು ಪಟ್ಟಿ ಸುತ್ತಿದ ಕೈಯನ್ನು ಎತ್ತಿ ತಲೆಯಾಡಿಸಿ ಊಟಕ್ಕೆ ಹೋದರು. ತಿಂಗಳಲ್ಲಿ ನನಗೂ ಅಭ್ಯಾಸವಾಯಿತು. ಸುಲಭವೂ ಆಯಿತು, ಅದೇ ನನಗೆ ಸ್ವಲ್ಪ ಹೆದರಿಕೆ.

ಕಾಯಂ ಆದ ಕಾಗದ ಕಳೆದ ವಾರ ಕೈಗೆ ಬಂತು. ಮನೆಗೆ ಫೋನ್ ಮಾಡಿದೆ. "ಅಂತೂ ಗೆದ್ದೆ ಮಾರಾಯ್ತಿ!" ಎಂದು ಗಂಡ ಕೂಗಿದರು. ಆದರೆ ಅವರಿಬ್ಬರ ವೀಸಾಕ್ಕೆ ಇನ್ನೂ ಎಷ್ಟು ತಿಂಗಳೋ ಗೊತ್ತಿಲ್ಲ. ನಿಧಿ ಫೋನ್ ಕಿತ್ತುಕೊಂಡು ಶಾಲೆಯ ಸುದ್ದಿಯೆಲ್ಲ ಹೇಳಿದಳು. ಡ್ಯೂಟಿಗೆ ಹೊತ್ತಾಯಿತು.

"ಸರಿ ಪುಟ್ಟಿ, ಹೋಗ್ತೀನಿ."



"ನೀ ಹೋಗಾಯ್ತಲ್ಲಮ್ಮ" ಎಂದಳು. "ಬರ್ತೀನಿ ಅನ್ನು."

ಕನ್ನಡದಲ್ಲಿ ಅದು ಸುಳ್ಳಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಬಾಯಿಗೆ ಬರಲಿಲ್ಲ.