ತಾಮ್ರ ಉಂಡ ನೆಲ

ಅಂಗಳದ ಕುಂಡದ ಮಲ್ಲಿಗೆ ಒಣಗಿದೆ. ಸತ್ತಿದೆ, ಕಡಿದು ಬಿಸಾಕು ಎಂದು ನಾನೇ ಹೆಂಡತಿಗೆ ಹೇಳಿದೆ. ಅವಳು ಅಟ್ಟದಿಂದ ಹಳೆಯ ಕುಡಗೋಲು ಇಳಿಸಿದಳು. ಅದರ ತುದಿಗೆ ನಾಲ್ಕು ಬೆರಳಷ್ಟು ಕೆಂಪು ಕಲೆ. ತುಕ್ಕೆಂದು ತಿಕ್ಕಲು ಕುಳಿತವಳಿಗೆ, ತುಕ್ಕಲ್ಲ, ತಾಮ್ರ ಎಂದೆ. ನಿವೃತ್ತ ಮೇಷ್ಟ್ರ ಮಾತನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ. ನೀವು ಕೇಳಿ.

ಎಂಬತ್ತರ ದಶಕದ ಕೊನೆ. ಕಾಗವಾಡದ ಹತ್ತಿರ ನನ್ನ ಸೋದರಮಾವನ ದ್ರಾಕ್ಷಿ ತೋಟ. ಬಳ್ಳಿಗೆ ಬೂಜು ರೋಗ ಬಾರದಂತೆ ಮಾಮಾ ಮೈಲುತುತ್ತವನ್ನು, ಅಂದರೆ ತಾಮ್ರದ ನೀಲಿ ಉಪ್ಪನ್ನು, ಸುಣ್ಣದ ಜೊತೆ ಕಲಸಿ ಹೊಡೆಯುತ್ತಿದ್ದ. ಗಡಿ ಸೀಮೆಯಲ್ಲಿ ಅದಕ್ಕೆ ಮರಾಠಿಯ ಹೆಸರು, ಮೋರಚೂದ. ಹದ ನೋಡಲು ಕುಡಗೋಲಿನ ತುದಿ ಅದ್ದುವುದು. ಕಬ್ಬಿಣದ ಮೇಲೆ ತಾಮ್ರ ಕೂತು ಕೆಂಪಗಾದರೆ ಸುಣ್ಣ ಸಾಲದು ಎಂದರ್ಥ. ಅದ್ದಿ ನೋಡದೆ ಮಾಮಾ ಒಂದು ಎಲೆಗೂ ಹೊಡೆದವನಲ್ಲ. ಅವನ ಅಂಗಿ, ಬೇಲಿಯ ಕಲ್ಲು, ತೋಟದ ನಾಯಿಯ ಬಾಲ, ಎಲ್ಲವೂ ನೀಲಿಯಾಗಿದ್ದವು.

ನಾನು ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ತಾಮ್ರ ಬಿದ್ದ ಮಣ್ಣಿನ ಬ್ಯಾಕ್ಟೀರಿಯಾಗಳ ಗತಿ ಏನು ಎಂಬುದು ನನ್ನ ವಿಷಯ. ಉತ್ತರ ನನಗೆ ಮೊದಲೇ ಗೊತ್ತಿತ್ತು, ಪ್ರಯೋಗ ಬರೀ ಶಾಸ್ತ್ರಕ್ಕೆ. ಮಾಮಾನ ತೋಟದ ಮಣ್ಣನ್ನೂ ಅವನದೇ ಜೋಳದ ಹೊಲದ ಮಣ್ಣನ್ನೂ ತಂದು, ತಾಮ್ರ ಬೆರೆಸಿದ ಆಹಾರವಿದ್ದ ಗಾಜಿನ ತಟ್ಟೆಗಳಲ್ಲಿ ಹಚ್ಚಿಟ್ಟೆ. ಎರಡು ದಿನ ಬಿಟ್ಟು ನೋಡಿದರೆ ಯಾವ ತಟ್ಟೆಯಲ್ಲೂ ಏನೂ ಬೆಳೆದಿರಲಿಲ್ಲ. ಮರುದಿನ ಎಳ್ಳಮಾವಾಸ್ಯೆ. ಊರಿನ ಬಸ್ಸು ಹತ್ತಿದೆ.

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಸಜ್ಜಿ ರೊಟ್ಟಿ, ಕಡುಬು, ಪಲ್ಯ, ಮೊಸರನ್ನ, ಎಲ್ಲವನ್ನೂ ನಮಗಿಂತ ಮೊದಲು ಭೂಮಿತಾಯಿ ಉಣ್ಣಬೇಕು. ಅತ್ತಿ, ಅಂದರೆ ಮಾಮಾನ ಹೆಂಡತಿ, ಬುಟ್ಟಿ ಹೊತ್ತು ತೋಟಕ್ಕೆ ಬಂದಿದ್ದಳು. ನಾನು ಕೈಕಟ್ಟಿ ನಿಂತು ಹೇಳಿದೆ:

"ಮಾಮಾ, ಈ ನೆಲ ಸತ್ತೈತ್ರಿ. ಒಂದ ಜೀವ ಉಳದಿಲ್ಲ."

ಮಾಮಾ ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಮನೆತನದಲ್ಲಿ ಕಾಲೇಜು ಕಂಡವನು ನಾನೊಬ್ಬನೇ.

"ಕೊಂದಾಂವ ನಾನ ಅಲಾ," ಎಂದು ಅತ್ತಿಯ ಕಡೆ ತಿರುಗಿದ. "ಬುಟ್ಟಿ ಇಳಸಬ್ಯಾಡ. ಜೋಳದ ಹೊಲದಾಗ ಚೆಲ್ಲು. ಇಲ್ಲಿ ಉಣ್ಣಾವರು ಯಾರದಾರ? ಈ ಸಲದ ಹಣ್ಣ ಇಳದ ಮ್ಯಾಲ ಬಳ್ಳಿ ಕೀಳಸ್ತೀನಿ."

ಒಂದೊಂದು ಬಳ್ಳಿಯನ್ನೂ ಅವನೇ ಕೈಯಾರೆ ಕಟ್ಟಿ ಹಬ್ಬಿಸಿದ್ದ.

ಮಣ್ಣು ಹಚ್ಚಿಟ್ಟ ಐದನೆಯ ದಿನ ಧಾರವಾಡದಲ್ಲಿ ತಟ್ಟೆ ತೊಳೆಯಲು ಎತ್ತಿಕೊಂಡೆ. ಜೋಳದ ಹೊಲದ್ದರಲ್ಲಿ ಹುಡುಕಿದರೆ ಒಂದೆರಡು ಚುಕ್ಕೆ, ಅಂದರೆ ಬ್ಯಾಕ್ಟೀರಿಯಾದ ಗುಂಪು. ತೋಟದ್ದರ ತುಂಬ ಸಾಸಿವೆ ಚೆಲ್ಲಿದಂತೆ ಚುಕ್ಕೆಗಳು! ತಡವಾಗಿ ಎದ್ದಿದ್ದವು, ಅಷ್ಟೇ. "ಅವಸರ ನಿನಗೆ, ಅವಕ್ಕಲ್ಲ," ಎಂದರು ನಮ್ಮ ಗುರುಗಳು.

ತಟ್ಟೆಯನ್ನು ಊಟದ ಡಬ್ಬಿಯಲ್ಲಿಟ್ಟು ಹೊರಟೆ. ಚಿಕ್ಕೋಡಿಯಲ್ಲಿ ಕಂಡಕ್ಟರ್ ಡಬ್ಬಿಯಲ್ಲೇನು ಎಂದು ಕೇಳಿದ. ಬ್ಯಾಕ್ಟೀರಿಯಾ ಎಂದರೆ ಕೆಳಗಿಳಿಸುತ್ತಾನೆಂದು ಮೊಸರು ಎಂದೆ. ಅದೇನು ಪೂರ್ತಿ ಸುಳ್ಳಲ್ಲ.

ಮಾಮಾ ತಟ್ಟೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇಷ್ಟ ಮೋರಚೂದದಾಗ ಹೆಂಗ ಬದುಕ್ಯಾವಲೇ ಇವು?"

"ಬಾಳ ಸತ್ತಾವ್ರಿ ಮಾಮಾ. ತಡಕೊಂಡವು ಉಳದು ಹೆಚ್ಚಾಗ್ಯಾವು. ಒಳಗ ಬಂದ ತಾಮ್ರ ಹೊರಗ ಎತ್ತಿ ಒಗ್ಯಾಕ ಅವಕ್ಕ ಪಂಪ್ ಅದಾವು. ಪಂಪ್ ಕಟ್ಟೂ ವಿದ್ಯಾ ಒಂದು ಇನ್ನೊಂದಕ್ಕ ಕೊಡತೈತಿ."

"ಕರೆಂಟ್?" ಪಂಪಿನ ವಿಷಯದಲ್ಲಿ ಮಾಮಾನಿಗೆ ಬೇರೆ ಪ್ರಶ್ನೆಯೇ ಇರಲಿಲ್ಲ.

"ಉಂಡದ್ದರಾಗಿಂದು ಒಂದ ಪಾಲು ಅದಕ್ಕ ಹೋಗತೈತ್ರಿ. ಅದಕ್ಕ ತಡಾ ಮಾಡಿ ಬೆಳೀತಾವು."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತಿ, "ಅಂದ್ರ ಹಬ್ಬದ ದಿನಾ ನಾವ ಅವನ್ನ ಉಪಾಸ ಕೆಡವಿದ್ವಿ," ಎಂದಳು.

ನನಗೆ ನಾಚಿಕೆಯಾಯಿತು. ಅತ್ತಿ ಒಳಗೆ ಹೋಗಿ ರೊಟ್ಟಿ ಮುರಿದು ಮೊಸರನ್ನ ಕಲಸಿದಳು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಬುಟ್ಟಿಯನ್ನು ಈ ಸಲ ಮಾಮಾನೇ ಹೊತ್ತ. ದ್ರಾಕ್ಷಿಯ ಸಾಲು ಸಾಲಿಗೂ ಚೆಲ್ಲಿದರು. ಬಳ್ಳಿ ಕೀಳುವ ಮಾತು ಮತ್ತೆ ಬರಲಿಲ್ಲ. ಔಷಧವನ್ನು ಮಾತ್ರ ರೋಗ ನೋಡಿ ಹೊಡೆಯತೊಡಗಿದ, "ಅವಕ್ಕೂ ಒಂದೀಟ ಆರಾಮ ಇರಲಿ" ಎಂದು.

ನಾನು ಹೊರಟಾಗ ಕುಡಗೋಲು ತಂದು ಕೈಗಿತ್ತ. "ಒಯ್ಯಿ. ಇನ್ನ ಮ್ಯಾಲ ಅದ್ದಿ ನೋಡಿ ಮಾತಾಡು."

ಈಗ ಮಾಮಾ ಇಲ್ಲ. ಹೆಂಡತಿ ಕುಡಗೋಲಿಗಾಗಿ ಕಾಯುತ್ತಿದ್ದಾಳೆ. ಮಲ್ಲಿಗೆಯ ಬುಡಕ್ಕೆ ಒಂದು ತಂಬಿಗೆ ನೀರು, ಒಂದು ತುತ್ತು ಮೊಸರನ್ನ ಹಾಕಿ ಬಂದಿದ್ದೇನೆ. ಐದು ದಿನ ತಡೆ ಎಂದಿದ್ದೇನೆ.