ಹಬೆಮನೆಗೆ ಬಂದ ಸರ್ವರ್

ಫಿನ್ಲೆಂಡಿನ ಕುಹ್ಮೊ ಊರಿನ ನಮ್ಮ ಏಣಿ ಕಾರ್ಖಾನೆಯ ನೆಲಮಾಳಿಗೆಯಲ್ಲಿದ್ದ ಸೌನಾ, ಅಂದರೆ ಹಬೆಮನೆ, ನಮ್ಮ ಜೊತೆ ಕೆಲಸ ಮಾಡುವ ತೈಸ್ತೋ ತನ್ನ ಕೈಯಾರೆ ಕಟ್ಟಿದ್ದು. ಶುಕ್ರವಾರ ಕೆಲಸ ಮುಗಿಸಿ ಅಲ್ಲಿ ಬೆತ್ತಲೆ ಕೂತರೆ ಮಾಲೀಕನೂ ಇಲ್ಲ, ಆಳೂ ಇಲ್ಲ. ಹಳೇ ಮಾಲೀಕ ಸತ್ತ ಮೇಲೆ ಅವನ ಮಗ ಇಲ್ಪೊ ಬಂದವನೇ, ಗೋಡೆ ದಪ್ಪಗಿದೆ, ಕರೆಂಟೂ ಜೋರಾಗಿದೆ ಎಂದು ಕಂಪ್ಯೂಟರ್ ಸರ್ವರ್‌ಗಳನ್ನು ಅದರೊಳಗೆ ಜೋಡಿಸಿ ಬೀಗ ಜಡಿದ. ತೈಸ್ತೋನನ್ನು ಒಂದು ಮಾತು ಕೇಳಲಿಲ್ಲ. ಅಂದಿನಿಂದ ತೈಸ್ತೋ ಹಲ್ಲು ಕಚ್ಚಿಕೊಂಡೇ ಇದ್ದ. ಸರ್ವರ್ ಕೈಕೊಟ್ಟು ಆಫೀಸಿನವರು ಬಾಯಿ ಬಾಯಿ ಬಡಿದುಕೊಂಡ ದಿನ ಮಾತ್ರ ಅವನು ನಗುತ್ತಿದ್ದ. ನನಗೂ ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಈ ಚಳಿಗಾಲ ಆ ಹಳೇ ಡಬ್ಬಗಳು ಪೂರ್ತಿ ಕೆಟ್ಟವು. ಅವನ್ನು ಸಾಗಹಾಕಿ, ಹೊಸ ಸರ್ವರ್, ನೆಟ್‌ವರ್ಕ್ ಸಾಮಾನು ಎಲ್ಲ ತರಿಸಿ, ಪೆಟ್ಟಿಗೆ ಸಮೇತ ಸೌನಾದ ಬೆಂಚುಗಳ ಮೇಲಿಟ್ಟರು. ಜೋಡಿಸುವವನು ಸೋಮವಾರ ಬರುವವನಿದ್ದ. ಜಾಗ ಸಾಲದು, ಅಷ್ಟರೊಳಗೆ ಒಲೆ, ಬೆಂಚು ಎಲ್ಲ ಕಿತ್ತುಹಾಕು ಎಂದು ಇಲ್ಪೊ ತೈಸ್ತೋಗೇ ಅಪ್ಪಣೆ ಮಾಡಿದ. ಕಟ್ಟಿದವನ ಕೈಯಿಂದಲೇ ಕೀಳಿಸುವುದೆಂದರೆ! ಎಂಥ ಕಟುಕ ಇರಬೇಕು. ತೈಸ್ತೋ ಹೂಂ ಎಂದು ಬೀಗದಕೈ ಇಸಿದುಕೊಂಡ.

ಶುಕ್ರವಾರ ಸಂಜೆ ಅವನು ಪೆಟ್ಟಿಗೆಗಳನ್ನೆಲ್ಲ ಹೊತ್ತೊಯ್ದು ಅಂಗಳದ ಹಿಮದ ಮೇಲೆ ಸಾಲಾಗಿ ಇಟ್ಟ. ಒಲೆ ಕಾಯಿಸಿ ನಮ್ಮನ್ನೆಲ್ಲ ಕರೆದ. ಹಬೆ ಏರುವಷ್ಟರಲ್ಲಿ ಇಲ್ಪೊ ಬೂಟು ಕೋಟಿನ ಸಮೇತ ದಡದಡ ಇಳಿದು ಬಂದ. ಸರ್ವರ್ ಹಿಮದಲ್ಲಿ ಯಾಕಿವೆ ಎಂದು ಕಿರುಚಿದ.

"ತಣ್ಣಗಿರೋ ಕಡೆ ಇಡಿ ಅಂತ ಪೆಟ್ಟಿಗೆ ಮೇಲೇ ಬರೆದಿತ್ತಪ್ಪ," ಎಂದ ತೈಸ್ತೋ. "ಬಟ್ಟೆ ಹಾಕ್ಕೊಂಡೋರ ಜೊತೆ ಇಲ್ಲಿ ಮಾತಿಲ್ಲ. ಬಿಚ್ಚಿಟ್ಟು ಬಾ."

ಎಲ್ಲರೆದುರು ಹಬೆಗೆ ಕರೆದಾಗ ಬೆನ್ನು ತೋರಿಸಿದ ಫಿನ್ನನಿಗೆ ಊರಲ್ಲಿ ತಲೆ ಎತ್ತುವ ಹಾಗಿಲ್ಲ. ಇಲ್ಪೊ ಬಿಚ್ಚಿಟ್ಟು ಬಂದು ಮೇಲಿನ ಬೆಂಚಿನಲ್ಲಿ ಕೂತ. ತೈಸ್ತೋ ಕಾದ ಕಲ್ಲಿನ ಮೇಲೆ ನೀರು ಸುರಿದ, ಮತ್ತೆ ಸುರಿದ. ಇಲ್ಪೊನ ಕಿವಿ ಕೆಂಪಾದವು. ನಾವು ಕೆಳಗಿನ ಬೆಂಚಿನಲ್ಲಿ ಮಜಾ ನೋಡುತ್ತ ಕೂತೆವು.

"ಹೇಳಯ್ಯಾ, ಆ ಪೆಟ್ಟಿಗೆ ಎಲ್ಲಿಗೆ ಹೋಗ್ಬೇಕು?"

"ಮೇಲಕ್ಕೆ."

"ಮೇಲೆ ಅಂದ್ರೆ ಎಲ್ಲಿ?" ಎಂದು ತೈಸ್ತೋ ಇನ್ನೊಂದು ಸೌಟು ಸುರಿದ.

"ನನ್ನ ಕೋಣೆಗೆ. ಸಾಕು ಮಾರಾಯ, ಬೆಂದುಹೋದೆ."

ಸೋಮವಾರ ಅವು ಅಲ್ಲೇ ಕೂತವು. ಅವಕ್ಕೆ ತಂಪು ಬೇಕಲ್ಲ, ಇಲ್ಪೊನ ಕೋಣೆಯ ಹೀಟರ್ ಆರಿಸಬೇಕಾಯಿತು. ಈಗ ಅವನು ದಿನವಿಡೀ ಉಣ್ಣೆ ಟೋಪಿ ಹಾಕಿಕೊಂಡು, ಆ ಗುಂಯ್ ಸದ್ದಿನ ನಡುವೆ ಮೂಗು ಸೊರಸೊರ ಎಳೆಯುತ್ತ ಕೂರುತ್ತಾನೆ. ಶುಕ್ರವಾರ ಎಲ್ಲರಿಗಿಂತ ಮೊದಲು ನಡುಗುತ್ತ ಇಳಿದು ಬಂದು, ಒಳಗೆ ಬರಲೇ ಎಂದು ತೈಸ್ತೋನನ್ನು ಕೇಳುತ್ತಾನೆ. ತೈಸ್ತೋ ಬೇಕೆಂದೇ ಅವನನ್ನು ಸ್ವಲ್ಪ ಹೊತ್ತು ಬಾಗಿಲಲ್ಲೇ ಕಾಯಿಸುತ್ತಾನೆ.