ಬೀಮಿಗೆ ಅಂಟಿಸಿದ ಗಾಜು

ಹಾಸನದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಗೊಬ್ಬರದ ಅಂಗಡಿ. ಅದರ ಮಹಡಿಯಲ್ಲಿ, ಬಾಡಿಗೆ ಕೊಟ್ಟು ಯಾರು ಬೇಕಾದರೂ ಕೂತು ಕೆಲಸ ಮಾಡಬಹುದಾದ ಕೋ-ವರ್ಕಿಂಗ್ ಜಾಗ. ನಾನು ಮನೆಗಳ ನಕ್ಷೆ ಬರೆಯುವವಳು. ಹೊಳೆನರಸೀಪುರದಿಂದ ಬಸ್ಸಿನಲ್ಲಿ ಬಂದು ಅಲ್ಲಿ ಕೂರುತ್ತಿದ್ದೆ.

ಮೊದಲು ಅಲ್ಲಿ ಎರಡು ಕೋಣೆಗಳಿದ್ದವು. ಆ ಕೋಣೆಯವರಿಗೆ ಈ ಕೋಣೆಯವರ ಮುಖ ಗೊತ್ತಿರಲಿಲ್ಲ. ಅಂಗಡಿಯವರ ಮಗನೇ ಜಾಗದ ಮಾಲೀಕ. ಅವನು ನಡುವಿನ ಗೋಡೆ ಒಡೆಸಿ, ಈ ತುದಿಯಿಂದ ಆ ತುದಿಗೆ ಒಂದೇ ಉದ್ದನೆಯ ಮೇಜು ಹಾಕಿಸಿದ. ಕಾಫಿ ಫ್ಲಾಸ್ಕನ್ನೂ ಪ್ಲಗ್ ಬೋರ್ಡನ್ನೂ ಬೇಕೆಂದೇ ಮೇಜಿನ ನಡುವೆ ಇಟ್ಟ.

"ಅಕ್ಕ, ಕೈಗೆ ಎಟುಕದಂಗೆ ಇಟ್ರೇನೇ ಒಬ್ರನ್ನೊಬ್ರು ಕೇಳೋದು. ಗೋಡೆ ಇದ್ರೆ ಯಾರು ಯಾರ್ನ ಮಾತಾಡಿಸ್ತಾರೆ ಹೇಳಿ."

ಅವನು ಹೇಳಿದ್ದು ನಿಜವಾಯಿತು. ಚನ್ನರಾಯಪಟ್ಟಣದ ಕಡೆಯ ಹೆಂಗಸೊಬ್ಬರು ಅಂಗಡಿಗಳ ತೆರಿಗೆ ಲೆಕ್ಕ ನೋಡುತ್ತಿದ್ದರು. ತಮ್ಮ ಗಿರಾಕಿಯೊಬ್ಬರು ಮನೆ ಕಟ್ಟುವಾಗ ಅವರನ್ನು ನನ್ನ ಹತ್ತಿರ ಕಳಿಸಿದರು. ಅರಕಲಗೂಡಿನವನೊಬ್ಬ ಮದುವೆ ಆಲ್ಬಂ ಮಾಡುತ್ತಿದ್ದ. ನನ್ನ ನಕ್ಷೆ ನೋಡಿ, ಕಟ್ಟಿದ ಮೇಲೆ ಆ ಮನೆ ಹೇಗೆ ಕಾಣುತ್ತದೆ ಎಂಬ ಚಿತ್ರವನ್ನು ಕಂಪ್ಯೂಟರಿನಲ್ಲಿ ಮಾಡಿಕೊಟ್ಟ. ಒಂದೇ ಮನೆಗೆ ಮೂವರೂ ಕೆಲಸ ಮಾಡಿದ್ದು ನನಗೆ ಹೊಸದು.

ಆದರೆ ಗೋಡೆಯಿದ್ದ ಜಾಗದ ಮೇಲೆ, ಮೇಜಿನುದ್ದಕ್ಕೂ ಹಾದುಹೋಗುವ ಬೀಮಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಕಾಣಿಸಿತು. ಮಾಲೀಕನಿಗೆ ತೋರಿಸಿದೆ.

"ಬರೀ ಮೇಲಿನ ಗಾರೆ ಬಿರುಕು, ಬೀಮಿಗೇನೂ ಆಗಿಲ್ಲ ಅಂದವ್ರೆ ಗೋಡೆ ಒಡ್ದೋರು," ಎಂದ.

ಇರಬಹುದು. ಬೀಮು ಎಷ್ಟು ಭಾರ ತಡೆಯುತ್ತದೆ ಎಂದು ಲೆಕ್ಕ ಹಾಕುವುದು ಎಂಜಿನಿಯರರ ಕೆಲಸ, ನನ್ನದಲ್ಲ. ಆದರೂ ಸ್ಟೂಲು ಹತ್ತಿ, ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಚೂರೊಂದನ್ನು ಸಿಮೆಂಟಿನಲ್ಲಿ ಅಂಟಿಸಿದೆ. ಬಿರುಕು ಅಗಲವಾದರೆ ಗಾಜು ಒಡೆಯುತ್ತದೆ. ಒಡೆದ ದಿನ ಎಂಜಿನಿಯರನ್ನು ಕರೆಸುವುದಾಗಿ ಅವನು ಒಪ್ಪಿದ. ಉಳಿದವರಿಗೆ ಹೇಳಬೇಡಿ, ಹೆದರಿ ಬಿಟ್ಟುಹೋಗುತ್ತಾರೆ ಎಂದ. ದಿನವೂ ಬಂದೊಡನೆ ಗಾಜು ನೋಡಿಯೇ ನಾನು ಕೂರುತ್ತಿದ್ದೆ.

ಆಯುಧಪೂಜೆಯ ಹಿಂದಿನ ದಿನ ಎಲ್ಲರೂ ಸೇರಿ ಜಾಗ ತೊಳೆದರು. ನಾನು ಹೋಗಿರಲಿಲ್ಲ. ಪೂಜೆಯ ಬೆಳಿಗ್ಗೆ ಮೆಟ್ಟಿಲು ಹತ್ತಿ ನೋಡಿದರೆ ಬೀಮಿನುದ್ದಕ್ಕೂ ಚೆಂಡು ಹೂವಿನ ಸರ. ಮೇಜಿನ ಮೇಲೆ ಲ್ಯಾಪ್‌ಟಾಪುಗಳನ್ನು ಸಾಲಾಗಿ ಇಟ್ಟು ಕುಂಕುಮ ಹಚ್ಚಿದ್ದರು. ಸರದ ಹಿಂದೆ ಗಾಜು ಅರ್ಧವೇ ಇತ್ತು. ಇನ್ನರ್ಧ ಎಲ್ಲೂ ಇಲ್ಲ. ನೆಲವನ್ನು ಗುಡಿಸಿ, ಒರೆಸಿ, ರಂಗೋಲಿಯನ್ನೂ ಹಾಕಿಯಾಗಿತ್ತು.

"ನಿನ್ನೆ ಇಲ್ಲಿ ಜೇಡರ ಬಲೆ ಹೊಡೆದೋರು ಯಾರು?" ಎಂದು ಕೇಳಿದೆ.

"ನಾನೇ ಕಣಕ್ಕ," ಎಂದ ಆಲ್ಬಂ ಮಾಡುವವನು. "ಯಾಕೆ, ಇನ್ನೂ ಐತಾ?"

"ಮೇಲೊಂದು ಗಾಜಿನ ಚೂರಿತ್ತು. ಪೊರಕೆ ತಗುಲಿತಾ?"

"ಗಾಜಾ? ಕಣ್ಣಿಗೆ ದೂಳು ಬಿದ್ದದ್ದೊಂದೇ ನಂಗೊತ್ತು."

"ಕಣ್ಮುಚ್ಕಂಡೇ ಗುಡಿಸ್ತಿದ್ದ," ಎಂದು ತೆರಿಗೆಯವರು ನಕ್ಕರು. "ಅರ್ಧ ಬಲೆ ನನ್ನ ತಲೆ ಮ್ಯಾಲೇ ಬಿತ್ತು."

ಮಾಲೀಕ ನಗಲಿಲ್ಲ. ನನ್ನನ್ನು ಮೆಟ್ಟಿಲ ಹತ್ತಿರ ಕರೆದು ದನಿ ತಗ್ಗಿಸಿದ. "ಪೊರಕೇನೇ ತಗುಲಿರ್ತದೆ ಅಕ್ಕ. ಪೂಜೆ ಒಂದು ಮುಗೀಲಿ. ನಮ್ಮವ್ವ ಬೂದುಗುಂಬಳ ಇಟ್ಕಂಡು ಕೆಳಗೆ ನಿಂತವ್ಳೆ. ಎಲ್ರ ಮನೆಯೋರೂ ಬತ್ತಾವ್ರೆ."

ಗಾಜನ್ನು ಒಡೆದದ್ದು ಪೊರಕೆಯೋ ಬಿರುಕೋ, ತಿಳಿಯುವ ದಾರಿ ನನಗಿರಲಿಲ್ಲ. ಪೊರಕೆಯಾಗಿದ್ದರೆ ಹಬ್ಬದ ದಿನ ಅಪಶಕುನ ನುಡಿದವಳಾಗುತ್ತೇನೆ, ಅವನ ಜಾಗಕ್ಕೆ ಮತ್ತೆ ಯಾರೂ ಬರುವುದಿಲ್ಲ. ಬಿರುಕಾಗಿದ್ದರೆ ಅದರ ಕೆಳಗೇ ಮಕ್ಕಳನ್ನು ನಿಲ್ಲಿಸಿ ಆರತಿ ಎತ್ತುತ್ತೇವೆ. ಕೆಳಗಿನಿಂದ ಮಕ್ಕಳ ಸದ್ದು ಕೇಳಿಸತೊಡಗಿತು.

ನಾನು ಒಳಗೆ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟೆ. ಬಿರುಕಿದೆ, ಬೆಳೆದಿರಬಹುದು, ಬೆಳೆಯದೆಯೂ ಇರಬಹುದು, ನನಗೆ ಗೊತ್ತಿಲ್ಲ ಎಂದೆ.

ತೆರಿಗೆಯವರು ತಮ್ಮ ಲ್ಯಾಪ್‌ಟಾಪನ್ನು ಎತ್ತಿಕೊಂಡರು. "ಗೊತ್ತಿಲ್ಲ ಅಂದ್ಮೇಲೆ ಇಲ್ಯಾಕೆ ನಿಂತಿದ್ದೀವಿ, ನಡೀರಿ," ಎಂದು ಮೆಟ್ಟಿಲಿಳಿದರು. ಆಲ್ಬಂನವನು ಎರಡೂ ಕೈಗಳಲ್ಲಿ ಕಂಪ್ಯೂಟರಿನ ದೊಡ್ಡ ಪರದೆ ಹೊತ್ತು ಹಿಂದೆಯೇ ಹೋದ. ಕೆಳಗೆ ಅಂಗಡಿಯಲ್ಲಿ, ಯೂರಿಯಾ ಮೂಟೆಗಳ ಮುಂದೆ ಪೂಜೆ ನಡೆಯಿತು. ಮಾಲೀಕ ನನ್ನ ಕಡೆ ನೋಡಲಿಲ್ಲ. ಪ್ರಸಾದವನ್ನು ಅವನ ತಾಯಿ ಕೊಟ್ಟರು.

ಹಬ್ಬ ಕಳೆದ ಮೇಲೆ ಎಂಜಿನಿಯರು ಬಂದರು. ಬೀಮಿನ ಕೆಳಗೆ ಆಸರೆಗೆ ಕಬ್ಬಿಣದ ಜಾಕಿಗಳನ್ನು ಕೊಟ್ಟು ಗಾರೆ ಕೆತ್ತಿಸಿದರು. ನಾವು ಮೆಟ್ಟಿಲ ಮೇಲೆ ನಿಂತು ನೋಡಿದೆವು. ಅದು ಒಂದೇ ಬೀಮಾಗಿರಲಿಲ್ಲ. ಬೇರೆ ಬೇರೆ ಕಾಲದಲ್ಲಿ ಕಟ್ಟಿದ ಎರಡು ತುಂಡುಗಳು ಗೋಡೆಯ ಮೇಲೆ ಬಂದು ಸೇರಿದ್ದವು. ಗೋಡೆ ಹೋದ ಮೇಲೆ ಅವನ್ನು ಹಿಡಿದಿದ್ದದ್ದು ತುಕ್ಕು ಹಿಡಿದ ಕೆಲವು ಕಂಬಿಗಳು ಮಾತ್ರ. ನಡುವೆ ಒಂದು ಕಂಬ ಎಬ್ಬಿಸದೆ ಇಲ್ಲಿ ಯಾರೂ ಕೂರಬಾರದು ಎಂದರು ಎಂಜಿನಿಯರು. ಗಾಜು ಬಿರುಕಿನಿಂದಲೇ ಒಡೆಯಿತೇ ಎಂದು ಕೇಳಿದ್ದಕ್ಕೆ, ಅದನ್ನು ಈಗ ಹೇಳಲಾಗದು ಎಂದರು.

ಮಾಲೀಕ ಮೆಟ್ಟಿಲ ಮೇಲೆ ಕೂತ. "ಇನ್ಮೇಲೆ ಯಾರಾದ್ರೂ ಬತ್ತೀರಾ?" ಎಂದ, ಯಾರ ಮುಖವನ್ನೂ ನೋಡದೆ.

"ಕಂಬ ನಿಲ್ಸು, ಬತ್ತೀವಿ," ಎಂದ ಆಲ್ಬಂನವನು. "ಅಲ್ಲೀಗಂಟ ಕೆಳಗೇ ಕೂತ್ಕತೀವಿ. ಮೂಟೆ ಸರ್ಸು, ಏಳ್ಲಾ."

ಎಲ್ಲರೂ ಇಳಿದು ಮೂಟೆಗೆ ಕೈ ಹಾಕಿದರು. ನಾನೂ ಒಂದು ಮೂಲೆ ಹಿಡಿದೆ. ಮೂಟೆ ನನ್ನ ಹಿಡಿತದಿಂದ ಜಾರುತ್ತಿದ್ದುದನ್ನು ಕಂಡು ತೆರಿಗೆಯವರು, "ಬಿಡಿ ಅಕ್ಕ, ನೀವು ಕೂತ್ಕಳಿ," ಎಂದರು. ಬಿಡಲು ಮನಸ್ಸಾಗಲಿಲ್ಲ. ಅತ್ತ ಕಡೆಯ ಮೂಲೆ ಹಿಡಿದಿದ್ದ ಮಾಲೀಕ, ನಾನು ಹೆಜ್ಜೆ ಹಾಕುವವರೆಗೆ ಕಾದ.